ದಬ್ಬುವ ಇಂಜಿನ್‌ಗೆ ಬಲ ಎಲ್ಲಿಂದ?

ಗುಂಡ್ಲುಪೇಟೆಗೆ ರೈಲಿಲ್ಲ. ನಂಜನಗೂಡು–ನಿಲಂಬೂರು ಮಾರ್ಗದ ಮಾತು ಕೇಳುತ್ತಲೇ ನಮ್ಮ ಕಡೆಯವರಿಗೆ ವಯಸ್ಸಾಯಿತು. ಗಾಡಿ ಹತ್ತಬೇಕಾದರೆ ಈಗಲೂ ಚಾಮರಾಜನಗರಕ್ಕೋ ನಂಜನಗೂಡಿಗೋ ಬಸ್ಸು ಹಿಡಿಯಬೇಕು. ಚಾಮರಾಜನಗರದಲ್ಲಿ ಹಳಿಯೇ ಮುಗಿಯುತ್ತದೆ. ಮೈಸೂರಿನಿಂದ 61 ಕಿ.ಮೀ. ಬಂದ ಗಾಡಿ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಅದಕ್ಕೆ ಇಂಜಿನ್ ಕಳಚಿ, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಸೇರಿಕೊಳ್ಳುತ್ತದೆ. ತಿರುಪತಿಗೆ ಹೊರಟವರು ಆ ಹೊತ್ತಿಗೆ ಸೀಟು ಹುಡುಕುತ್ತಿರುತ್ತಾರೆ. ನಾನು ಪ್ಲಾಟ್‌ಫಾರಂ ತುದಿಗೆ ಹೋಗಿ ನಿಲ್ಲುತ್ತೇನೆ.

ಬೋಗಿಗಳು ಇನ್ನೂ 20 ಮೀಟರ್ ದೂರ ಇರುವಾಗಲೇ ಇಂಜಿನ್ ಪೂರ್ತಿ ನಿಲ್ಲಬೇಕು, ನಿಯಮ ಅದು. ಕೆಳಗೆ ನಿಂತ ಪಾಯಿಂಟ್ಸ್‌ಮನ್ ಬಾವುಟ ತೋರಿಸಿದ ಮೇಲೆ ಮತ್ತೆ ಹೊರಟು, ಇರುವೆ ನಡಿಗೆಯಲ್ಲಿ ಹತ್ತಿರ ಬಂದು, ಕಪ್ಲಿಂಗ್ ಕಚ್ಚಿಕೊಳ್ಳುತ್ತದೆ. ಒಳಗೆ ಕೂತವರ ಲೋಟದ ಕಾಫಿ ತುಳುಕಬಾರದು. ಆಮೇಲೆ ಆತ ಎರಡರ ನಡುವೆ ಬಗ್ಗಿ ನುಗ್ಗಿ ಬ್ರೇಕಿನ ಗಾಳಿ ಪೈಪು ಜೋಡಿಸುತ್ತಾನೆ. ಕೆಲಸದಲ್ಲಿ ಅತ್ಯಂತ ಅಪಾಯದ ಗಳಿಗೆ ಇದು.

ಇದೇ ಶಂಟಿಂಗ್. ನಮ್ಮಂಥ ಕೊನೆಯ ನಿಲ್ದಾಣದಲ್ಲಿ ಗಾಡಿಯ ಇಂಜಿನ್ನೇ ಇದನ್ನು ಮಾಡಿಕೊಳ್ಳುತ್ತದೆ. ದೊಡ್ಡ ಯಾರ್ಡುಗಳಲ್ಲಿ ಮಾತ್ರ ಬೋಗಿ ತೊಳೆಯಲು ಒಯ್ಯುವುದು, ವ್ಯಾಗನ್ ವಿಂಗಡಿಸುವುದು ದಿನವಿಡೀ ನಡೆದಿರುತ್ತದೆ. ಅಂಥ ದುಡಿಮೆಗೆಂದೇ ರೂಪಿಸಿದ್ದು ಡಬ್ಲ್ಯುಡಿಎಸ್-4. ಹೆಸರು ಬಿಡಿಸುವುದು ಸುಲಭ: ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಡಿ ಎಂದರೆ ಡೀಸೆಲ್, ಎಸ್ ಎಂದರೆ ಶಂಟಿಂಗ್. ನಮ್ಮ ಮಾರ್ಗ ಮೀಟರ್‌ಗೇಜ್ ಆಗಿದ್ದಾಗ ಬರುತ್ತಿದ್ದ ಇಂಜಿನ್‌ಗಳ ಹೆಸರು ವೈ ಅಕ್ಷರದಿಂದ ಶುರುವಾಗುತ್ತಿತ್ತು.

1960ರ ದಶಕದ ಆರಂಭದಲ್ಲಿ ಜರ್ಮನಿಯ ಕೀಲ್ ಊರಿನ ಮಾಕ್ ಕಂಪನಿಯಿಂದ ಕೆಲವು ಶಂಟಿಂಗ್ ಇಂಜಿನ್‌ಗಳು ಬಂದವು. ಆ ದಶಕದ ಕೊನೆಯ ಹೊತ್ತಿಗೆ ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆ ಮಾಕ್ ಮೋಟಾರನ್ನೇ ಆಧಾರವಾಗಿಟ್ಟುಕೊಂಡು ತಾನೇ ಡಬ್ಲ್ಯುಡಿಎಸ್-4 ಕಟ್ಟತೊಡಗಿತು. ಆಗಿನ್ನೂ ಅಲ್ಲಿ ಉಗಿ ಇಂಜಿನ್ ತಯಾರಿಯೂ ನಡೆದಿತ್ತು. 1993-94ರಲ್ಲಿ ನಿಲ್ಲಿಸುವಷ್ಟರಲ್ಲಿ ಚಿತ್ತರಂಜನ್‌ನಿಂದ ಎಲ್ಲ ಬಗೆಯವೂ ಸೇರಿ 842 ಡೀಸೆಲ್ ಇಂಜಿನ್‌ಗಳು ಹೊರಬಂದಿದ್ದವು.

ಆರು ಸಿಲಿಂಡರ್, 600ರಿಂದ 700 ಎಚ್‌ಪಿ, ತೂಕ ಸುಮಾರು 60 ಟನ್. ಮೇನ್‌ಲೈನಿನ ಹಳೆಯ ಡಬ್ಲ್ಯುಡಿಎಂ-2ಗೆ 2600 ಎಚ್‌ಪಿ ಇತ್ತು. ಹಾಗಾದರೆ ಈ ಪುಟ್ಟದು ಇಪ್ಪತ್ತು ಬೋಗಿಗಳನ್ನು ಹೇಗೆ ದಬ್ಬುತ್ತದೆ?

ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತುವ ಕರಿಕಲ್ಲಿನ ಲಾರಿಯನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ಡ್ರೈವರ್ ಫಸ್ಟ್ ಗೇರ್‌ಗೆ ಇಳಿಸುತ್ತಾನೆ: ವೇಗ ಬಿಟ್ಟುಕೊಟ್ಟು ಎಳೆತ ಕೊಳ್ಳುತ್ತಾನೆ. ಲೆಕ್ಕ ಹಾಕಿ ನೋಡಿ. 700 ಎಚ್‌ಪಿ ಪೂರ್ತಿ ಗಾಲಿಗೆ ಇಳಿಯಿತು ಅಂದುಕೊಂಡರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಿಗುವ ಎಳೆತ ಬರೀ 3 ಟನ್ ಚಿಲ್ಲರೆ, 10 ಕಿ.ಮೀ.ಗೆ ಇಳಿದರೆ ಸುಮಾರು 19 ಟನ್. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳಲು ಸಮತಟ್ಟಿನಲ್ಲಿ ಟನ್ನಿಗೆ ನಾಲ್ಕೈದು ಕಿಲೋ ಎಳೆತ ಸಾಕು. ಅಂದರೆ ಸಾವಿರ ಟನ್ ಗಾಡಿಗೆ ಐದು ಟನ್. ನಿಂತದ್ದನ್ನು ಕದಲಿಸಲು ಇನ್ನಷ್ಟು ಬೇಕು, ಅದೂ ಇದರ ಕೈಯಲ್ಲಿದೆ. ಶಂಟಿಂಗಿನಲ್ಲಿ ಗಂಟೆಗೆ 15 ಕಿ.ಮೀ. ಮೀರುವಂತೆಯೇ ಇಲ್ಲ, ಹಾಗಾಗಿ ಬಿಟ್ಟುಕೊಟ್ಟ ವೇಗದ ನಷ್ಟ ಯಾರಿಗೂ ಇಲ್ಲ.

ಇಷ್ಟಾದರೂ ಒಂದು ತೊಡಕಿದೆ. ದಿನಕ್ಕೆ ನೂರಾರು ಸಲ ನಿಂತು ಹೊರಡುವ ಇಂಜಿನ್‌ಗೆ ಲಾರಿಯ ಕ್ಲಚ್ ಹಾಕಿದರೆ ಸುಟ್ಟುಹೋಗುತ್ತದೆ. ಅದಕ್ಕೇ ಇಲ್ಲಿ ಎಣ್ಣೆಯ ಮೂಲಕ ಬಲ ದಾಟಿಸುತ್ತಾರೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ? ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿ, ನಡುವೆ ಅದರ ದಿಕ್ಕು ತಿರುವುವ ಅಲುಗಾಡದ ರೆಕ್ಕೆಗಳನ್ನು ಕೂರಿಸಿದರೆ ಅದೇ ಟಾರ್ಕ್ ಕನ್ವರ್ಟರ್. ಗಾಲಿ ನಿಂತಿದ್ದರೂ ಮೋಟಾರ್ ಓಡುತ್ತಲೇ ಇರುತ್ತದೆ, ತಿರುಚುವ ಬಲ ಆಗಲೇ ಹೆಚ್ಚು. ವೇಗ ಬಂದ ಮೇಲೆ ಎಣ್ಣೆಯಲ್ಲಿ ಬಲ ಸೋರುವುದನ್ನು ತಪ್ಪಿಸಲು ಕನ್ವರ್ಟರನ್ನು ಬಿಟ್ಟು ನೇರ ಯಾಂತ್ರಿಕ ಜೋಡಣೆಗೆ ಹೊರಳುವ ಏರ್ಪಾಡಿನ ಹೆಸರು ಸೂರಿ ಟ್ರಾನ್ಸ್‌ಮಿಷನ್. ರೂಪಿಸಿದವರು ನಮ್ಮ ರೈಲ್ವೆಯ ಇಂಜಿನಿಯರ್ ಮನಮೋಹನ ಸೂರಿ. ಮುಂದೆ ದುರ್ಗಾಪುರದ ಕೇಂದ್ರ ಯಾಂತ್ರಿಕ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಗೆ ನಿರ್ದೇಶಕರಾದರು. ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಾಗಿದ್ದ ಹೆಸರು ಇದು.

ಗೇರ್‌ಬಾಕ್ಸಿನಿಂದ ಬಲ ಒಂದು ಅಡ್ಡ ಅಚ್ಚಿಗೆ ಬಂದು, ಅಲ್ಲಿಂದ ಉಗಿ ಇಂಜಿನ್‌ಗಳಲ್ಲಿದ್ದಂಥ ಕಬ್ಬಿಣದ ಸರಳುಗಳ ಮೂಲಕ ಮೂರು ಜೊತೆ ಗಾಲಿಗೂ ಹೋಗುತ್ತದೆ. ಸರಳು ಬಿಗಿದಿರುವುದರಿಂದ ಒಂದು ಜೊತೆ ಮಾತ್ರ ಜಾರುವಂತಿಲ್ಲ. ವಾರಾಣಸಿಯ ಡಬ್ಲ್ಯುಡಿಎಸ್-6ರಲ್ಲಿ ಈ ಸರಳುಗಳಿಲ್ಲ, ಪ್ರತಿ ಅಚ್ಚಿಗೂ ಒಂದೊಂದು ಎಲೆಕ್ಟ್ರಿಕ್ ಮೋಟಾರ್ ಇದೆ. ಮೇನ್‌ಲೈನಿನಿಂದ ಬಿಡಿಸಿದ ಭಾರಿ ಇಂಜಿನ್‌ಗಳನ್ನೂ ಇಂದು ಯಾರ್ಡಿಗೆ ಹಾಕುತ್ತಾರೆ. ಹತ್ತು ಬೋಗಿ ಸರಿಸಲು 2600 ಎಚ್‌ಪಿ ಇಂಜಿನನ್ನು ದಿನವಿಡೀ ಉರಿಸುವುದು ನನಗೆ ಸಂಕಟದ ನೋಟ.

ಎಳೆತ ಎಷ್ಟಿದ್ದರೂ ಗಾಲಿಗೆ ಹಿಡಿತ ಸಿಗಬೇಕು. ಒಣಗಿದ ಹಳಿಯಲ್ಲಿ ಹಿಡಿತ ಇಂಜಿನ್ ತೂಕದ ಕಾಲು ಭಾಗದಷ್ಟು, 60 ಟನ್ನಿಗೆ 15 ಟನ್. ಆದ್ದರಿಂದಲೇ ಇದನ್ನು ಹಗುರ ಮಾಡುವಂತಿಲ್ಲ. ಮಳೆಗೆ ಹಳಿ ನೆನೆದರೆ ಆ ಲೆಕ್ಕವೂ ಕುಸಿಯುತ್ತದೆ. ಗಾಲಿಯ ಮುಂದೆ ಹಳಿಯತ್ತ ಬಾಗಿದ ಒಂದು ಸಣ್ಣ ಕೊಳವೆ ಇರುವುದು ಆ ಹೊತ್ತಿಗಾಗಿ. ಗಾಲಿ ಗಿರಕಿ ಹೊಡೆದ ಸದ್ದು ಕೇಳಿದ ಕೂಡಲೇ ಡ್ರೈವರ್ ಕೆಳಗೆ ಹಾಯಿಸುವುದು ಒಣ ಮರಳನ್ನು, ಒಂದೆರಡು ಹಿಡಿ.