ಮೌಸ್ ಕೊಳ್ಳುವ ಮುನ್ನ ಮಣಿಕಟ್ಟನ್ನು ಕೇಳಿ

ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರದ ವಾರ್ಷಿಕ ಹಬ್ಬ ಜನವರಿ 14ಕ್ಕೆ. ಅದರ ಹಿಂದೆ ಮುಂದೆ ಮದುವೆ, ಕೋಲ, ಯಕ್ಷಗಾನಗಳ ಸಾಲು. ಮಂಗಳೂರಿನ ಡಿಟಿಪಿಯವರ ಕೈಗೆ ಆಗ ಬಿಡುವಿಲ್ಲ. ಆಮಂತ್ರಣ ಪತ್ರಿಕೆ, ಕರಪತ್ರ, ಫ್ಲೆಕ್ಸು: ಅಕ್ಷರ ಹಿಡಿದು ಎಳೆ, ಫೋಟೋ ಹಿಡಿದು ಸರಿಸು. ಕೀಲಿಮಣೆಯ ಬಗ್ಗೆ ನಮ್ಮವರು ಸಾಕಷ್ಟು ತಲೆ ಕೆಡಿಸಿಕೊಂಡಿದ್ದಾರೆ. ಬಿಕರ್ನಕಟ್ಟೆಯಿಂದ ಹೆದ್ದಾರಿ ಹಿಡಿದು ಗುರುಪುರದ ಕಡೆ ಹೋದರೆ ಸಿಗುವ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವೇ ಕನ್ನಡ ತಂತ್ರಾಂಶ 'ನುಡಿ'ಯ ಕೀಲಿಮಣೆಗೆ ಆಧಾರ. ಮೌಸ್ ಮಾತ್ರ ಅಂಗಡಿಯವರು ಕೊಟ್ಟದ್ದೇ ಪ್ರಸಾದ.

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಡಿಪಿಐ, ಅಂದರೆ ಮೌಸಿನ ಸೂಕ್ಷ್ಮತೆಯ ಅಂಕಿ, ಬರೆದಿರುತ್ತದೆ. ಅದನ್ನು ನಂಬುವ ಮೊದಲು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಹೇಳಿದ್ದನ್ನು ಕೇಳಬೇಕು. ಕೈ ಗುರಿ ಮುಟ್ಟಲು ಹಿಡಿಯುವ ಸಮಯವನ್ನು ನಿರ್ಧರಿಸುವುದು ಗುರಿಯ ದೂರಕ್ಕೂ ಅಗಲಕ್ಕೂ ಇರುವ ಅನುಪಾತ. ದೂರ ಇಮ್ಮಡಿಯಾದರೂ ಒಂದೇ, ಗುರಿ ಅರ್ಧಕ್ಕೆ ಕಿರಿದಾದರೂ ಒಂದೇ. ಎರಡಕ್ಕೂ ತಗಲುವ ಹೆಚ್ಚುವರಿ ಸಮಯ ಸಮ. ಡಿಪಿಐ ಏರಿಸಿದಾಗ ಕೈ ಸಾಗುವ ದೂರವೇನೋ ಕಡಿಮೆಯಾಗುತ್ತದೆ, ಆದರೆ ಕೈಯ ಅಳತೆಯಲ್ಲಿ ಗುರಿಯೂ ಅಷ್ಟೇ ಕಿರಿದಾಗುತ್ತದೆ. ಅನುಪಾತ ಬದಲಾಗದು. ಹಾಗಾಗಿ ಹದಿನಾರು ಸಾವಿರ ಡಿಪಿಐ ಎಂಬುದು ಲಗ್ನಪತ್ರಿಕೆ ಮಾಡುವವರಿಗೆ ದುಬಾರಿ ಅಲಂಕಾರ.

1978ರಲ್ಲಿ ಜೆರಾಕ್ಸ್ ಕಂಪನಿಯ ಕಾರ್ಡ್, ಇಂಗ್ಲಿಷ್, ಬರ್ ಎಂಬ ಮೂವರು ಮೌಸ್, ಜಾಯ್‌ಸ್ಟಿಕ್ ಮತ್ತು ಎರಡು ಬಗೆಯ ಕೀಲಿಗಳನ್ನು ಒರೆಗೆ ಹಚ್ಚಿದರು. (ಈ ಬಿಲ್ ಇಂಗ್ಲಿಷ್, ಎಂಗೆಲ್‌ಬಾರ್ಟ್ ಕಲ್ಪಿಸಿದ ಮೊದಲ ಮೌಸನ್ನು ಕಟ್ಟಿಕೊಟ್ಟವರು.) ಗೆದ್ದದ್ದು ಮೌಸ್. ಅದಕ್ಕಿಂತ ದೊಡ್ಡ ಸುದ್ದಿಯೆಂದರೆ, ಮೌಸಿನ ವೇಗವನ್ನು ತಡೆಯುತ್ತಿದ್ದದ್ದು ಮುಖ್ಯವಾಗಿ ಮನುಷ್ಯರ ಕಣ್ಣು-ಕೈಗಳ ಹೊಂದಾಣಿಕೆಯ ಮಿತಿಯೇ. ಅಂದರೆ ವೇಗದ ಮಟ್ಟಿಗೆ ಆ ಕಾಲಕ್ಕೇ ಹೆಚ್ಚೇನೂ ಉಳಿದಿರಲಿಲ್ಲ. ಉಳಿದದ್ದು ಹಿತ.

ಇಲ್ಲಿ ಕಥೆ ಅಷ್ಟು ಸುಖವಾಗಿಲ್ಲ. ಮಣಿಕಟ್ಟಿನಲ್ಲಿ ಮೂಳೆಗಳ ನಡುವೆ ಒಂದು ಇಕ್ಕಟ್ಟಾದ ಸುರಂಗವಿದೆ. ಬೆರಳುಗಳ ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಅದರೊಳಗಿಂದಲೇ ಹಾಯಬೇಕು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ 14 ಆರೋಗ್ಯವಂತರ ಮಣಿಕಟ್ಟಿನೊಳಗಿನ ಒತ್ತಡವನ್ನೇ ಅಳೆಯಿತು. ಮೌಸ್ ಮೇಲೆ ಕೈ ಸುಮ್ಮನೆ ಇಟ್ಟಿದ್ದಾಗಿನದಕ್ಕಿಂತ ಗುಂಡಿ ಒತ್ತಿಹಿಡಿದು ಎಳೆಯುವಾಗ ಒತ್ತಡ ಎದ್ದು ಕಾಣುವಷ್ಟು ಏರಿ, ಸರಾಸರಿ ಪಾದರಸದ ಸುಮಾರು 29ರಿಂದ 33 ಮಿಲಿಮೀಟರಿಗೆ ಮುಟ್ಟಿತ್ತು. ಹಲವರಲ್ಲಿ ಅದು ನರಕ್ಕೆ ತೊಂದರೆ ಕೊಡಬಲ್ಲ ಮಟ್ಟವನ್ನೂ ಮೀರಿತ್ತು. ಮೂರು ಬಗೆಯ ಮೌಸ್ ಬಳಸಿ ನೋಡಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಆಕಾರಕ್ಕೆ ಬೆಲೆಯೇ ಇಲ್ಲವೆಂದಲ್ಲ. ಅಂಗಡಿಯಲ್ಲಿ ಡಬ್ಬ ಬಿಚ್ಚಿಸಿ, ಕೈಯಿಟ್ಟು ನೋಡಿ. ಮಣಿಕಟ್ಟು ಮೇಲಕ್ಕೆ ಬಾಗುತ್ತಿದ್ದರೆ, ಕಿರುಬೆರಳು ಮೇಜಿನ ಮೇಲೆ ಉಜ್ಜುತ್ತಿದ್ದರೆ, ಗುಂಡಿ ಒತ್ತಲು ಬೆರಳು ಬಿಗಿಯಬೇಕಾದರೆ ಅದು ನಿಮ್ಮ ಮೌಸ್ ಅಲ್ಲ. ಎಡಗೈಯವರು ಎರಡೂ ಬದಿ ಒಂದೇ ತೆರನಾದುದನ್ನು ಆರಿಸಲಿ. ಮೆತ್ತನೆಯ ರಬ್ಬರ್ ಲೇಪನ ಮುಟ್ಟಲು ಚೆಂದ, ನಮ್ಮ ಕರಾವಳಿಯ ಸೆಕೆಗೆ ಮಾತ್ರ ಕ್ರಮೇಣ ಅಂಟಂಟಾಗುತ್ತದೆ. ಸಾದಾ ಪ್ಲಾಸ್ಟಿಕ್ಕೇ ವಾಸಿ.

ಒಳ್ಳೆಯ ಮೌಸ್ ಹುಡುಕುವಷ್ಟೇ ಮುತುವರ್ಜಿಯಿಂದ ಎಳೆಯುವ ಕೆಲಸವನ್ನೂ ತಗ್ಗಿಸಿ. ವಿನ್ಯಾಸ ತಂತ್ರಾಂಶ ಕೋರೆಲ್‌ಡ್ರಾದಲ್ಲಿ ಆಯ್ದ ವಸ್ತುಗಳು 'ಎಲ್' ಒತ್ತಿದರೆ ಎಡಕ್ಕೆ, 'ಆರ್' ಒತ್ತಿದರೆ ಬಲಕ್ಕೆ ಸಾಲುಗೂಡುತ್ತವೆ. 'ಪಿ' ಒತ್ತಿದರೆ ಪುಟದ ನಟ್ಟನಡುವೆ ಬಂದು ಕೂರುತ್ತವೆ. ಕೂದಲೆಳೆಯಷ್ಟು ಸರಿಸಲು ಬಾಣದ ಕೀಲಿಗಳಿವೆ.