ಹಬ್ಬ ಮುಗಿದ ಮೇಲೆ ಕ್ರಿಸ್‌ಮಸ್ ಮರ

ದೀಪ, ನಕ್ಷತ್ರ, ಬಣ್ಣದ ಕಾಗದಗಳಿಂದ ಸಿಂಗರಿಸಿದ ಕ್ರಿಸ್‌ಮಸ್ ಮರದ ಚಿತ್ರವನ್ನು ನಾವೆಲ್ಲರೂ ನೋಡಿದ್ದೇವೆ. ಆದರೆ ಹಬ್ಬ ಮುಗಿದ ಮೇಲೆ ಆ ಮರ ಏನಾಗುತ್ತದೆಂದು ಯೋಚಿಸಿದವರು ನಮ್ಮಲ್ಲಿ ವಿರಳ. ವಿದೇಶಗಳಲ್ಲಿ ಪ್ರತಿ ಜನವರಿಯಲ್ಲೂ ಇದೊಂದು ದೊಡ್ಡ ಪ್ರಶ್ನೆಯೇ ಸರಿ.

ಯುರೋಪು, ಅಮೆರಿಕಗಳಲ್ಲಿ ಈ ಮರ ಸಾಮಾನ್ಯವಾಗಿ ಸ್ಪ್ರೂಸ್ ಅಥವಾ ಫರ್ ಜಾತಿಯದು. ಇವುಗಳಿಗೆ ಸೂಜಿಯಂತಹ ಎಲೆಗಳು. ಬಹುಪಾಲು ಮರಗಳನ್ನು ಕಾಡಿನಿಂದ ತರುವುದಿಲ್ಲ. ರೈತರು ಬೆಳೆಯಂತೆ ಹೊಲದಲ್ಲಿ ಬೆಳೆಸುತ್ತಾರೆ. ಆಳೆತ್ತರಕ್ಕೆ ಬರಲು ಏಳೆಂಟು ವರ್ಷ ಬೇಕು. ಅಮೆರಿಕ ಒಂದರಲ್ಲಿಯೇ ವರ್ಷಕ್ಕೆ ಕೋಟಿಗಟ್ಟಲೆ ಮರಗಳು ಮಾರಾಟವಾಗುತ್ತವೆ. ಬುಡ ಕಡಿದ ಮರ ದಿನೇ ದಿನೇ ಒಣಗುತ್ತದೆ. ಒಣಗಿದ ಮರಕ್ಕೆ ಕಿಡಿ ತಗಲಿದರೆ ಕ್ಷಣಮಾತ್ರದಲ್ಲಿ ಇಡೀ ಕೋಣೆಯೇ ಹೊತ್ತಿಕೊಳ್ಳಬಹುದು. ಆದುದರಿಂದ ಅದನ್ನು ಬಹುಕಾಲ ಮನೆಯಲ್ಲಿಡುವಂತಿಲ್ಲ.

ಮರ ತೆಗೆಯಲು ಕೆಲವು ದೇಶಗಳಲ್ಲಿ ದಿನವೇ ಗೊತ್ತಾಗಿದೆ. ಇಂಗ್ಲೆಂಡಿನಲ್ಲಿ ಜನವರಿ 6ರ ಹೊತ್ತಿಗೆ ಅಲಂಕಾರ ಇಳಿಸುವುದು ವಾಡಿಕೆ. ಸ್ವೀಡನ್ನಿನಲ್ಲಿ ಜನವರಿ 13, ಅಂದರೆ ಕ್ನೂತನ ದಿನ. ಅಂದು ಮಕ್ಕಳು ಮರದ ಸುತ್ತ ಕುಣಿದು, ಕೊಂಬೆಗಳಿಗೆ ಕಟ್ಟಿದ ಮಿಠಾಯಿಗಳನ್ನು ಕಿತ್ತು ತಿನ್ನುತ್ತಾರೆ. ಬಳಿಕ ಮರವನ್ನು ಮನೆಯಿಂದ ಹೊರಗೆ ಹಾಕುತ್ತಾರೆ.

ಹೊರಗೆ ಹಾಕಿದ ಮಾತ್ರಕ್ಕೆ ಸಮಸ್ಯೆ ಮುಗಿಯಿತೆ? ಇಲ್ಲ. ಕಸದ ಗುಂಡಿಯಲ್ಲಿ ಹೂತ ಮರ ಗಾಳಿ ಸೋಕದೆ ಕೊಳೆಯುತ್ತದೆ. ಆಗ ಮೀಥೇನ್ ಅನಿಲ ಹುಟ್ಟುತ್ತದೆ. ಭೂಮಿಯ ತಾಪವನ್ನು ಏರಿಸುವುದರಲ್ಲಿ ಇದು ಇಂಗಾಲಾಮ್ಲಕ್ಕಿಂತ ಬಹಳ ಬಲಶಾಲಿ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಸಂಸ್ಥೆ ಎರಡು ಮೀಟರ್ ಎತ್ತರದ ಮರವೊಂದರ ಲೆಕ್ಕ ಹಾಕಿದೆ. ಗುಂಡಿಗೆ ಹಾಕಿದರೆ ಆಗುವ ಹಾನಿ ಸುಮಾರು 16 ಕಿಲೋಗ್ರಾಂ ಇಂಗಾಲಾಮ್ಲಕ್ಕೆ ಸಮ. ಚೂರು ಮಾಡಿ ಮಣ್ಣಿಗೆ ಹರಡಿದರೆ ಅಥವಾ ಸುಟ್ಟರೆ ಕೇವಲ ಮೂರೂವರೆ ಕಿಲೋಗ್ರಾಂ. ಹಾಗಾದರೆ ಪ್ಲಾಸ್ಟಿಕ್ ಮರವೇ ಲೇಸಲ್ಲವೆ ಎಂದು ಕೇಳಬಹುದು. ಅದರ ಲೆಕ್ಕ ಸುಮಾರು 40 ಕಿಲೋಗ್ರಾಂ! ಹತ್ತು ಹನ್ನೆರಡು ವರ್ಷ ಅದನ್ನೇ ಬಳಸಿದರೆ ಮಾತ್ರ ಲಾಭ.

ಆದುದರಿಂದ ಅನೇಕ ನಗರಗಳು ಮರಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸುತ್ತವೆ. ನ್ಯೂಯಾರ್ಕಿನಲ್ಲಿ ಜನರು ತಂತಿ, ದೀಪ, ಜರಿಗಳನ್ನೆಲ್ಲ ಬಿಚ್ಚಿ ಮರವನ್ನು ಬೀದಿಯಂಚಿನಲ್ಲಿ ಇಡುತ್ತಾರೆ, ಇಲ್ಲವೆ ಉದ್ಯಾನಗಳಿಗೆ ಒಯ್ಯುತ್ತಾರೆ. ಅಲ್ಲಿ ಯಂತ್ರಗಳು ಅದನ್ನು ಚೂರು ಚೂರು ಮಾಡುತ್ತವೆ. ಆ ಚೂರನ್ನು ಗಿಡಗಳ ಬುಡಕ್ಕೆ ಹರಡಿದರೆ ಮಣ್ಣಿನ ತೇವ ಆರದು, ಕಳೆಯೂ ಕಡಿಮೆ. ಲಂಡನ್ನಿನ ಟ್ರಫಾಲ್ಗರ್ ಚೌಕದ ಮರಕ್ಕೂ ಇದೇ ಗತಿ. ಎರಡನೆಯ ಮಹಾಯುದ್ಧದಲ್ಲಿ ದೊರೆತ ನೆರವಿನ ನೆನಪಿಗಾಗಿ ಆಸ್ಲೋ ನಗರ 1947ರಿಂದ ವರ್ಷಂಪ್ರತಿ ಕಳಿಸುವ ಮರವದು. ಬರ್ಲಿನ್ನಿನ ಪ್ರಾಣಿ ಸಂಗ್ರಹಾಲಯಗಳಲ್ಲಿ ಆನೆಗಳು ಇಂತಹ ಮರಗಳನ್ನು ಇಷ್ಟಪಟ್ಟು ತಿನ್ನುತ್ತವೆ. ಆದರೆ ಮಾರಾಟವಾಗದೆ ಉಳಿದ ಮರಗಳನ್ನಷ್ಟೇ ಅವುಗಳಿಗೆ ಕೊಡುತ್ತಾರೆ. ಮನೆಗಳ ಮರದಲ್ಲಿ ತಂತಿಯೋ ರಾಸಾಯನಿಕವೋ ಉಳಿದಿರಬಹುದೆಂಬ ಭಯ.

ಎಲ್ಲಕ್ಕಿಂತ ಸ್ವಾರಸ್ಯವಾದುದು ಸಮುದ್ರ ತೀರದ ಕೆಲಸ. ಇಂಗ್ಲೆಂಡಿನ ಲಿದಮ್ ಸೇಂಟ್ ಆನ್ಸ್ ಎಂಬಲ್ಲಿ ಹಳೆಯ ಮರಗಳನ್ನು ಮರಳಿನಲ್ಲಿ ಸಾಲಾಗಿ ಹೂಳುತ್ತಾರೆ. ಗಾಳಿಗೆ ಹಾರುವ ಮರಳು ಕೊಂಬೆಗಳಲ್ಲಿ ಸಿಕ್ಕಿ ದಿಬ್ಬವಾಗುತ್ತದೆ. ಹುಲ್ಲು ಬೇರೂರಿ ದಿಬ್ಬ ಗಟ್ಟಿಯಾಗುತ್ತದೆ. ಕಡಲು ಉಕ್ಕಿದಾಗ ಊರಿಗೆ ಅದೇ ಕೋಟೆ. ಅಮೆರಿಕದ ಲೂಯಿಸಿಯಾನ ರಾಜ್ಯದ ಕಥೆ ಇನ್ನೂ ಕಠಿಣ. 1930ರ ದಶಕದಿಂದೀಚೆಗೆ ಅಲ್ಲಿ ಸುಮಾರು 5,000 ಚದರ ಕಿಲೋಮೀಟರ್ ನೆಲ ನೀರುಪಾಲಾಗಿದೆ. ಅಲ್ಲಿನ ಜೌಗುಭೂಮಿಯಲ್ಲಿ ಎರಡು ಸಾಲು ಕಂಬ ನೆಟ್ಟು, ನಡುವೆ ಕ್ರಿಸ್‌ಮಸ್ ಮರಗಳನ್ನು ತುಂಬಿ ಬೇಲಿ ಮಾಡುತ್ತಾರೆ. ಅಲೆಯ ರಭಸ ತಗ್ಗುತ್ತದೆ, ಮಣ್ಣು ತಳಕ್ಕೆ ಇಳಿಯುತ್ತದೆ, ಹುಲ್ಲು ಮತ್ತೆ ಚಿಗುರುತ್ತದೆ. ನ್ಯೂ ಆರ್ಲಿಯನ್ಸ್ ಬಳಿ ಹೆಲಿಕಾಪ್ಟರಿನಿಂದಲೂ ಮರದ ಕಟ್ಟುಗಳನ್ನು ಇಳಿಸುವುದುಂಟು. ಕಳೆದುಹೋದ ನೆಲವನ್ನೆಲ್ಲ ಇದರಿಂದ ಮರಳಿ ಪಡೆಯಲಾಗದು. ಉಳಿದುದನ್ನು ಅಷ್ಟಿಷ್ಟು ಕಾಯಬಹುದು.

ಮರ ಒಂದೇ. ಗುಂಡಿಯಲ್ಲಿ ಬಿದ್ದರೆ ಅದು ವಿಷ, ಕಡಲಂಚಿನಲ್ಲಿ ನಿಂತರೆ ಕಾವಲು. ಕಸವೆಂಬುದು ವಸ್ತುವಿನ ಗುಣವಲ್ಲ, ಅದನ್ನು ನಾವು ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ನಿಂತದ್ದು.