ಕಾಣೆಯಾದ ಬೆಕ್ಕನ್ನು ಹುಡುಕುವ ಕ್ರಮ

ಸಾಕಿದ ನಾಯಿಯು ಕಾಣದೆ ಹೋದರೆ ಮನೆಯವರು ಬೀದಿಬೀದಿಗಳನ್ನು ಅಲೆದು ಹುಡುಕುವರು. ಬೆಕ್ಕಿನ ವಿಷಯದಲ್ಲಾದರೋ, ಹಸಿವಾದರೆ ತಾನೇ ಬರುವುದೆಂದು ಸುಮ್ಮನಿರುವವರೇ ಹೆಚ್ಚು. ಈ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬಂದ ಬೆಕ್ಕು ನಾಲ್ಕಾರು ದಿನಗಳಲ್ಲಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿತೆಂಬ ಸಂಗತಿಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ನಮ್ಮ ಕಿವಿಗೆ ಬೀಳುವುದು ಹಿಂದಿರುಗಿದ ಬೆಕ್ಕುಗಳ ಕಥೆ ಮಾತ್ರ; ಹಿಂದಿರುಗದವುಗಳ ಕಥೆಯನ್ನು ಹೇಳುವವರು ಯಾರೂ ಇಲ್ಲ. ಆದುದರಿಂದ ಬೆಕ್ಕು ತಾನಾಗಿ ಬರಲೆಂದು ಕಾಯುವುದಕ್ಕಿಂತ ಕ್ರಮವರಿತು ಹುಡುಕುವುದೇ ಲೇಸೆಂಬುದನ್ನು ಇಲ್ಲಿ ವಿವರಿಸುವೆವು.

ಮೊದಲು ತಿಳಿಯತಕ್ಕ ವಿಷಯವೇನೆಂದರೆ, ಕಾಣೆಯಾದ ಬೆಕ್ಕು ಸಾಮಾನ್ಯವಾಗಿ ದೂರ ಹೋಗಿರುವುದಿಲ್ಲ. ಕಾಣೆಯಾದ 1,210 ಬೆಕ್ಕುಗಳ ವಿಷಯವಾಗಿ ಅವುಗಳ ಒಡೆಯರಿಂದ ವಿವರಗಳನ್ನು ಸಂಗ್ರಹಿಸಿ ಮಾಡಿದ ಪರಿಶೀಲನೆಯೊಂದು 2018ರಲ್ಲಿ ಪ್ರಕಟವಾಯಿತು. ಸಿಕ್ಕಿದ ಬೆಕ್ಕುಗಳಲ್ಲಿ ನೂರಕ್ಕೆ 75ರಷ್ಟು, ಅವು ತಪ್ಪಿಸಿಕೊಂಡ ಸ್ಥಳದಿಂದ 500 ಮೀಟರುಗಳ ಒಳಗೇ ಸಿಕ್ಕಿದ್ದವು. ಒಟ್ಟು ಬೆಕ್ಕುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಮೊದಲನೆಯ ವಾರದಲ್ಲಿಯೇ ಜೀವಸಹಿತ ದೊರೆತವು. ಒಂದು ವರ್ಷದ ಹೊತ್ತಿಗೆ ಈ ಸಂಖ್ಯೆಯು ನೂರಕ್ಕೆ 61ಕ್ಕೆ ಏರಿತು. ಮೊದಲ ದಿನಗಳ ಶೋಧಕ್ಕೆ ಬೆಲೆ ಹೆಚ್ಚೆಂಬುದೂ, ವಾರ ಕಳೆಯಿತೆಂದು ಆಸೆಯನ್ನು ಬಿಡಬಾರದೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ಅಷ್ಟು ಸಮೀಪದಲ್ಲಿರುವ ಬೆಕ್ಕು ಕರೆದರೆ ಏಕೆ ಓಗೊಡುವುದಿಲ್ಲ? ಬೆಕ್ಕು ಇಲಿಯನ್ನು ಹಿಡಿಯುವ ಪ್ರಾಣಿಯಾದರೂ, ತನಗಿಂತ ದೊಡ್ಡ ಪ್ರಾಣಿಗೆ ತಾನೇ ಆಹಾರವಾಗಬಲ್ಲುದು. ಭಯಗೊಂಡಾಗ ಅದಕ್ಕಿರುವ ರಕ್ಷಣೆಯೆಂದರೆ ಅಡಗುವುದು ಮತ್ತು ಸದ್ದಿಲ್ಲದೆ ಇರುವುದು. ಪಟಾಕಿಯ ಸದ್ದಿಗೋ ಬೀದಿನಾಯಿಗೋ ಹೆದರಿ ಓಡಿದ ಬೆಕ್ಕು ಯಜಮಾನಿಯ ಧ್ವನಿಯನ್ನು ಹತ್ತು ಮಾರು ದೂರದಿಂದ ಕೇಳಿಯೂ ಮೌನವಾಗಿರಬಹುದು. ಓಗೊಡಲಿಲ್ಲವೆಂಬ ಮಾತ್ರಕ್ಕೆ ಅಲ್ಲಿ ಬೆಕ್ಕಿಲ್ಲವೆಂದು ತೀರ್ಮಾನಿಸಲಾಗದು.

ಆದಕಾರಣ ಕಿವಿಗಿಂತ ಕಣ್ಣನ್ನೇ ಹೆಚ್ಚಾಗಿ ನಂಬಬೇಕು. ಮೊದಲು ಮನೆಯೊಳಗೆ ನೋಡತಕ್ಕದ್ದು: ಅಟ್ಟ, ಬೀರು, ಮಂಚದ ಕೆಳಭಾಗ, ಮಡಿಸಿಟ್ಟ ಹಾಸಿಗೆಗಳ ಸಂದು. ಆಮೇಲೆ ಹಿತ್ತಿಲು, ಸೌದೆಯ ರಾಶಿ, ಮೋರಿಯ ಹಾಸುಗಲ್ಲಿನ ಅಡಿ, ನಿಂತ ಮೋಟಾರುಗಾಡಿಯ ಒಳಭಾಗ. ಬಳಿಕ ಎರಡು ಪಕ್ಕದ ನೆರೆಮನೆಗಳು. ನೆರೆಯವರನ್ನು "ನಮ್ಮ ಬೆಕ್ಕನ್ನು ಕಂಡಿರಾ?" ಎಂದು ಕೇಳಿ ಹಿಂದಿರುಗಿದರೆ ಸಾಲದು. ಅಡಗಿರುವ ಪ್ರಾಣಿಯನ್ನು ಅವರೂ ಕಂಡಿರಲಾರರು. ಅವರ ಅನುಮತಿಯನ್ನು ಪಡೆದು ಕೊಟ್ಟಿಗೆ, ಉಗ್ರಾಣ, ಮಹಡಿಯ ಕೋಣೆಗಳನ್ನು ತೆರೆಸಿ ನೋಡಬೇಕು. ಹಗಲು ಬಾಗಿಲು ತೆರೆದಿದ್ದಾಗ ಒಳಹೊಕ್ಕು, ಬೀಗ ಬಿದ್ದ ಮೇಲೆ ಸೆರೆಯಾಗಿ, ಅನ್ನನೀರಿಲ್ಲದೆ ಸಾಯುವ ಬೆಕ್ಕುಗಳುಂಟು.

ಜನಸಂಚಾರ ನಿಂತ ರಾತ್ರಿಯ ಹೊತ್ತು ಶೋಧಕ್ಕೆ ಅನುಕೂಲವಾದುದು. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಹೊಳೆಯಿಸುವ ಪದರವೊಂದಿದೆ. ಬ್ಯಾಟರಿ ದೀಪವನ್ನು ನಮ್ಮ ಕಣ್ಣಿನ ಮಟ್ಟದಲ್ಲಿ ಹಿಡಿದು ಕತ್ತಲೆಯ ಮೂಲೆಗಳನ್ನು ನೋಡಿದರೆ ಆ ಕಣ್ಣುಗಳು ಕಿಡಿಗಳಂತೆ ಬೆಳಗುವುವು.

ಕಂಡೊಡನೆ ಮೇಲೆ ಬೀಳಬಾರದು. ಅಟ್ಟಿದರೆ ಅದು ಅಡಗುತಾಣವನ್ನು ಬಿಟ್ಟು ಇನ್ನೂ ದೂರ ಓಡುವುದು. ನೆಲದ ಮೇಲೆ ಕುಳಿತು, ಮೆಲುದನಿಯಲ್ಲಿ ಮಾತನಾಡುತ್ತ, ವಾಸನೆಯುಳ್ಳ ತಿನಿಸನ್ನು ಮುಂದಿಟ್ಟು ಕಾಯಬೇಕು. ಹತ್ತಿರ ಬಂದರೆ ದಪ್ಪ ಟವಲನ್ನು ಹೊದಿಸಿ ಎತ್ತಿ, ಮುಚ್ಚಳವುಳ್ಳ ಬುಟ್ಟಿಯಲ್ಲಿ ತರತಕ್ಕದ್ದು. ಬರಿಗೈಯಲ್ಲಿ ಎತ್ತಿಕೊಂಡು ಬೀದಿಯನ್ನು ದಾಟುವುದು ಅಪಾಯಕರ. ಭಯದಿಂದ ಅದು ಕಚ್ಚಿದರೆ ಗಾಯವನ್ನು ಸಾಬೂನಿನಿಂದಲೂ ಹರಿಯುವ ನೀರಿನಿಂದಲೂ 15 ನಿಮಿಷ ತೊಳೆದು, ಆ ದಿನವೇ ವೈದ್ಯರನ್ನು ಕಾಣಬೇಕು. ಹುಚ್ಚುನಾಯಿಯ ರೋಗವು ಬೆಕ್ಕಿಗೂ ತಗಲತಕ್ಕದ್ದೆಂಬುದನ್ನು ಮರೆಯಲಾಗದು.

ಮನೆಗೆ ತಂದಮೇಲೆ ಒಂದು ಶಾಂತವಾದ ಕೋಣೆಯಲ್ಲಿರಿಸಿ, ನೀರನ್ನೂ ಸ್ವಲ್ಪಸ್ವಲ್ಪವಾಗಿ ಆಹಾರವನ್ನೂ ಕೊಡಬೇಕು. ಕೆಲವು ದಿನ ಉಪವಾಸವಿದ್ದ ಬೆಕ್ಕಿನ, ಅದರಲ್ಲಿಯೂ ಕೊಬ್ಬಿದ ಬೆಕ್ಕಿನ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತಾಗಬಹುದಾದ್ದರಿಂದ, ಅದು ಲವಲವಿಕೆಯಿಂದಿರುವಂತೆ ತೋರಿದರೂ ಪಶುವೈದ್ಯರಿಗೆ ತೋರಿಸುವುದು ಯುಕ್ತ.

ಇನ್ನು ಮುಂದಿನ ಎಚ್ಚರಿಕೆ. ಅಕ್ಕಿಯ ಕಾಳಿನಷ್ಟು ಗಾತ್ರದ ಮೈಕ್ರೋಚಿಪ್ಪನ್ನು ಚರ್ಮದಡಿಯಲ್ಲಿ ಇಡಿಸುವ ಪದ್ಧತಿಯು ಈಗ ಬಳಕೆಯಲ್ಲಿದೆ. ಅದು ಬೆಕ್ಕು ಇರುವ ಸ್ಥಳವನ್ನು ತಿಳಿಸಲಾರದು. ಯಾರಾದರೂ ಹಿಡಿದು ತಂದಾಗ, ಯಂತ್ರದಿಂದ ಅದರಲ್ಲಿರುವ 15 ಅಂಕಿಗಳ ಸಂಖ್ಯೆಯನ್ನು ಓದಿ ಒಡೆಯರನ್ನು ಗುರುತಿಸಲು ಮಾತ್ರ ಸಾಧ್ಯ. ವಿಳಾಸ ಬದಲಾದಾಗ ದಾಖಲೆಯನ್ನು ತಿದ್ದಿಸದಿದ್ದರೆ ಆ ಪ್ರಯೋಜನವೂ ಇಲ್ಲ. ಹೊಸಮನೆಗೆ ಹೋದವರು ಬೆಕ್ಕನ್ನು ಎರಡು ಮೂರು ವಾರ ಒಳಗೇ ಇಟ್ಟುಕೊಂಡರೆ, ಹಳೆಯ ಮನೆಯನ್ನು ಅರಸಿಕೊಂಡು ಹೋಗುವ ಸಂಭವವು ಕಡಮೆಯಾಗುವುದು.

ಬೆಕ್ಕು ಸ್ವತಂತ್ರ ಸ್ವಭಾವದ ಪ್ರಾಣಿಯೆಂಬುದು ನಿಜ. ಆದರೆ ಭಯದಿಂದ ಸಂದಿಯಲ್ಲಿ ಮುದುಡಿಕೊಂಡಿರುವ ಪ್ರಾಣಿಗೆ ಆ ಸ್ವಾತಂತ್ರ್ಯವು ಉಪಯೋಗಕ್ಕೆ ಬಾರದು. ಅದು ನಮ್ಮನ್ನು ಕರೆಯಲಾರದ ಸಮಯದಲ್ಲಿ ನಾವೇ ಅದಿರುವ ಸ್ಥಳಕ್ಕೆ ಹೋಗುವುದು, ಅದಕ್ಕೆ ಅನ್ನವಿಟ್ಟವರಾದ ನಮ್ಮ ಕರ್ತವ್ಯ.